ರೋಗಿಪರೀಕ್ಷೆಯಲ್ಲಿ ಉಪಮಾನ: ಹೃದಯ ಮತ್ತು ಉದರ ರೋಗಗಳ ಲಕ್ಷಣಗಳನ್ನು ಕುರಿತು

ವೈದ್ಯಗ್ರಂಥಗಳನ್ನು ಓದುವ ಸಾಹಿತ್ಯಜ್ಞರಿಗೆ ಅವುಗಳಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಉಪಮೆಗಳು ವಿಸ್ಮಯವನ್ನುಂಟುಮಾಡುತ್ತವೆ. ಹೊಟ್ಟೆಯು ನೀರು ತುಂಬಿದ ತೊಗಲ ಚೀಲದಂತೆ ಕುಲುಕುವುದೆಂದೂ, ಪ್ಲೀಹವು ಆಮೆಯ ಆಕಾರದಲ್ಲಿ ಕೈಗೆ ತಗಲುವುದೆಂದೂ, ನಾಡಿಯು ಕಪ್ಪೆಯಂತೆ ನೆಗೆಯುವುದೆಂದೂ ಅಲ್ಲಿ ಹೇಳಿದೆ. ಶಾಸ್ತ್ರವು ಪದ್ಯರೂಪದಲ್ಲಿರುವುದರಿಂದ ಇವು ಪದ್ಯಕ್ಕೆ ತೊಡಿಸಿದ ಅಲಂಕಾರಗಳೆಂದು ಭಾವಿಸುವುದು ಸಹಜ. ಪಾಠ ಹೇಳುವಾಗ ಇವನ್ನು ಬಿಟ್ಟು ಮುಂದೆ ಸಾಗುವುದೂ ಉಂಟು. ಆದರೆ ಈ ಭಾವನೆ ಸರಿಯಲ್ಲ. ಅಲಂಕಾರಶಾಸ್ತ್ರದ ಉಪಮೆಯ ಪ್ರಯೋಜನ ಸೌಂದರ್ಯ. ವೈದ್ಯಶಾಸ್ತ್ರದ ಉಪಮೆಯ ಪ್ರಯೋಜನ ಜ್ಞಾನ. ಮೊದಲನೆಯದು ಕವಿಯ ಕೈಯ ಉಪಕರಣ, ಎರಡನೆಯದು ನೈಯಾಯಿಕರು ಒಪ್ಪಿದ ನಾಲ್ಕು ಪ್ರಮಾಣಗಳಲ್ಲಿ ಒಂದಾದ ಉಪಮಾನ. ಈ ಭೇದವನ್ನು ತಿಳಿಯದೆ ವೈದ್ಯಗ್ರಂಥವನ್ನು ಓದಿದರೆ ಅದರ ಅನುಭವಭಾಗವೇ ಕೈತಪ್ಪಿಹೋಗುತ್ತದೆ. ಹೃದಯ ಮತ್ತು ಉದರ ರೋಗಗಳ ಲಕ್ಷಣಗಳನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ವಿಷಯವನ್ನು ವಿವರಿಸಬಹುದು.

೧. ಉಪಮಾನದ ಸ್ವರೂಪ

ಪ್ರಸಿದ್ಧವಾದ ವಸ್ತುವಿನ ಸಾದೃಶ್ಯದಿಂದ ಅಪ್ರಸಿದ್ಧವಾದುದನ್ನು ಗುರುತಿಸುವುದೇ ಉಪಮಾನವೆಂದು ನ್ಯಾಯಶಾಸ್ತ್ರದ ನಿಲುವು. ಹಸುವನ್ನು ಬಲ್ಲವನು ‘ಗವಯವು ಹಸುವಿನಂತಿರುವುದು’ ಎಂಬ ಮಾತನ್ನು ಕೇಳಿ, ಕಾಡಿನಲ್ಲಿ ಆ ಪ್ರಾಣಿಯನ್ನು ಕಂಡಾಗ ಇದೇ ಗವಯವೆಂದು ನಿಶ್ಚಯಿಸುತ್ತಾನೆ. ಈ ಉದಾಹರಣೆ ಎಲ್ಲರಿಗೂ ವಿದಿತವಾದುದೇ. ಆದರೆ ವಾತ್ಸ್ಯಾಯನನ ಭಾಷ್ಯದಲ್ಲಿ ಇದರೊಡನೆ ಮತ್ತೊಂದು ಉದಾಹರಣೆಯೂ ಇದೆ. ಹೆಸರಿನ ಗಿಡವನ್ನು ಹೋಲುವುದು ಮುದ್ಗಪರ್ಣಿ, ಉದ್ದಿನ ಗಿಡವನ್ನು ಹೋಲುವುದು ಮಾಷಪರ್ಣಿ. ಈ ಹೋಲಿಕೆಯನ್ನು ಕೇಳಿ ತಿಳಿದವನು ಔಷಧಕ್ಕಾಗಿ ಆ ಮೂಲಿಕೆಗಳನ್ನು ಕಾಡಿನಿಂದ ಆಯ್ದು ತರಬಲ್ಲನು. ಅಂದರೆ ಉಪಮಾನದ ಉಪಯೋಗವನ್ನು ತೋರಿಸುವಾಗ ಭಾಷ್ಯಕಾರನಿಗೆ ನೆನಪಾದುದು ವೈದ್ಯನ ಕೆಲಸವೇ ಆಗಿತ್ತು.

ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ವೈದ್ಯರ ವಾದಕ್ಕೆ ಬೇಕಾದ ಪರಿಭಾಷೆಗಳನ್ನು ಎಣಿಸುವಾಗ ‘ಔಪಮ್ಯ’ವನ್ನೂ ಹೇಳುತ್ತದೆ. ಅಲ್ಲಿಯ ಉದಾಹರಣೆಗಳು ರೋಗಸಂಬಂಧಿಗಳೇ: ದಂಡದಂತೆ ದೇಹ ಸೆಟೆದುಕೊಳ್ಳುವ ದಂಡಕ, ಬಿಲ್ಲಿನಂತೆ ಬಾಗುವ ಧನುಸ್ತಂಭ. ರೋಗದ ಹೆಸರೇ ಒಂದು ಹೋಲಿಕೆಯಾಗಿ, ಅದನ್ನು ಕೇಳಿದ ಶಿಷ್ಯನು ರೋಗಿಯನ್ನು ಕಂಡೊಡನೆ ಗುರುತಿಸುವಂತೆ ಏರ್ಪಟ್ಟಿದೆ.

ಕನ್ನಡನಾಡಿನಲ್ಲಿ ಈ ಎರಡು ಶಾಸ್ತ್ರಗಳು ದೂರದವಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ಹದಿನಾರನೆಯ ಶತಮಾನದಲ್ಲಿ ನಗಿರೆಯ ಅರಸನಾದ ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವ ಕವಿಯು ಕಾವ್ಯರಸವನ್ನು ಕುರಿತ ‘ರಸರತ್ನಾಕರ’ವನ್ನೂ ವೈದ್ಯವನ್ನು ಕುರಿತ ‘ವೈದ್ಯಸಾಂಗತ್ಯ’ವನ್ನೂ ರಚಿಸಿದನು. ನಗಿರೆಯೆಂದರೆ ಇಂದಿನ ಉತ್ತರ ಕನ್ನಡ ಜಿಲ್ಲೆಯ ಗೇರುಸೊಪ್ಪೆಯ ಸೀಮೆ. ಕಾವ್ಯಮೀಮಾಂಸೆಯೂ ವೈದ್ಯವೂ ಒಬ್ಬನ ಲೇಖನಿಯಿಂದಲೇ ಹೊರಟ ಈ ಸಂಗತಿ ಪ್ರಕೃತ ವಿಷಯಕ್ಕೆ ಒಳ್ಳೆಯ ಪೀಠಿಕೆಯಾಗಿದೆ.

೨. ಪರೀಕ್ಷೆಯ ಸಾಧನಗಳು

ವಾಗ್ಭಟನು ರೋಗಿಪರೀಕ್ಷೆಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರಾಗಿ ವಿಭಾಗಿಸುತ್ತಾನೆ. ಸುಶ್ರುತನು ಪಂಚೇಂದ್ರಿಯಗಳನ್ನೂ ಪ್ರಶ್ನವನ್ನೂ ಸೇರಿಸಿ ಆರು ಎನ್ನುತ್ತಾನೆ. ಚರಕನು ರಸನೇಂದ್ರಿಯವನ್ನು ಮಾತ್ರ ಪ್ರತ್ಯಕ್ಷವಾಗಿ ಬಳಸಬಾರದೆಂದು ವಿಧಿಸಿ, ದೇಹದ ಮಾಧುರ್ಯವನ್ನು ನೊಣ ಮುತ್ತುವುದರಿಂದ ಊಹಿಸಬೇಕೆನ್ನುತ್ತಾನೆ. ಬಹುಕಾಲದ ಮೇಲೆ ‘ಯೋಗರತ್ನಾಕರ’ದಂಥ ಗ್ರಂಥಗಳಲ್ಲಿ ನಾಡಿ, ಮೂತ್ರ, ಮಲ, ಜಿಹ್ವೆ, ಶಬ್ದ, ಸ್ಪರ್ಶ, ದೃಕ್ಕು, ಆಕೃತಿ ಎಂಬ ಅಷ್ಟಸ್ಥಾನಪರೀಕ್ಷೆ ನೆಲೆಗೊಂಡಿತು.

ಇಂದಿನ ವೈದ್ಯವಿದ್ಯಾಲಯಗಳಲ್ಲಿ ನೋಡುವುದು, ಮುಟ್ಟುವುದು, ಬೆರಳಿನಿಂದ ತಟ್ಟುವುದು, ಆಲಿಸುವುದು ಎಂಬ ನಾಲ್ಕು ಕ್ರಮಗಳನ್ನು ಕಲಿಸುತ್ತಾರೆ. ಇದಕ್ಕೆ ಮೊದಲು ರೋಗಿಯ ಹೇಳಿಕೆಯನ್ನು ಕೇಳುವುದು ನಿಯಮ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ರೋಗಿಯು ತಾನು ಅನುಭವಿಸಿ ಹೇಳುವುದು ಬೇರೆ, ವೈದ್ಯನು ತನ್ನ ಇಂದ್ರಿಯಗಳಿಂದ ಕಂಡುಕೊಳ್ಳುವುದು ಬೇರೆ. ಕಫಜ ಹೃದ್ರೋಗದಲ್ಲಿ ಹೃದಯವು ಕಲ್ಲು ಮುಚ್ಚಿದಂತಾಗುವುದೆಂದು ಚರಕನು ಹೇಳುವುದು ಮೊದಲನೆಯ ಜಾತಿಗೆ ಸೇರಿದುದು. ಅಲ್ಲಿ ಉಪಮೆ ಹುಟ್ಟುವುದು ರೋಗಿಯ ಬಾಯಲ್ಲಿ. ಇಂದಿಗೂ ಹೃದಯದ ರಕ್ತನಾಳ ಕಟ್ಟಿಕೊಂಡವನು ‘ಎದೆಯ ಮೇಲೆ ಕಲ್ಲು ಹೇರಿದಂತಾಗುತ್ತದೆ’ ಎನ್ನುವುದುಂಟು. ಅಂಥವನ ನಾಡಿಯನ್ನು ಹಿಡಿದು ಕಾಲ ಕಳೆಯದೆ ಕೂಡಲೆ ಆಸ್ಪತ್ರೆಗೆ ಸೇರಿಸುವುದೇ ಕರ್ತವ್ಯ. ಏಕೆಂದರೆ ಆಗ ಹೊರಗಿನ ಪರೀಕ್ಷೆಯಲ್ಲಿ ಯಾವ ದೋಷವೂ ಕಾಣದಿರಬಹುದು. ಪ್ರಶ್ನಕ್ಕೆ ಶಾಸ್ತ್ರಕಾರರು ಪ್ರತ್ಯೇಕ ಸ್ಥಾನ ಕೊಟ್ಟುದರ ಮರ್ಮ ಇದರಿಂದ ಸ್ಪಷ್ಟವಾಗುತ್ತದೆ.

೩. ತೊಗಲ ಚೀಲ

ಉದರರೋಗಗಳು ಎಂಟು. ದೋಷಗಳಿಂದ ಉಂಟಾಗುವ ನಾಲ್ಕು, ಪ್ಲೀಹೋದರ, ಬದ್ಧಗುದೋದರ, ಛಿದ್ರೋದರ ಮತ್ತು ಜಲೋದರ. ಇವುಗಳಲ್ಲಿ ವಾತೋದರಕ್ಕೂ ಜಲೋದರಕ್ಕೂ ಒಂದೇ ಉಪಮಾನವನ್ನು ಎರಡು ಬಗೆಯಾಗಿ ಬಳಸಿರುವುದು ಪರಿಶೀಲನಾರ್ಹವಾಗಿದೆ. ಅದೇ ‘ದೃತಿ’, ಎಂದರೆ ತೊಗಲಿನ ಚೀಲ. ವಾತೋದರವು ಗಾಳಿ ಊದಿದ ದೃತಿಯಂತೆ ಸದ್ದು ಮಾಡುತ್ತದೆ. ತಟ್ಟಿದಾಗ ಈ ಸದ್ದು ಹೊರಡುವುದೆಂದು ವಾಗ್ಭಟನು ಸ್ಪಷ್ಟಪಡಿಸುತ್ತಾನೆ. ಜಲೋದರವಾದರೋ ನೀರು ತುಂಬಿದ ದೃತಿಯಂತೆ ಕ್ಷೋಭೆಗೊಳ್ಳುತ್ತದೆ, ನಡುಗುತ್ತದೆ, ಶಬ್ದಿಸುತ್ತದೆ ಎಂದು ಸುಶ್ರುತನ ವರ್ಣನೆ. ಒಂದೇ ಚೀಲ, ಒಳಗಿರುವುದು ಮಾತ್ರ ಬೇರೆ. ಗಾಳಿಯೋ ನೀರೋ ಎಂಬುದನ್ನು ಹೊರಗಿನಿಂದಲೇ ಕೈಯೂ ಕಿವಿಯೂ ನಿರ್ಣಯಿಸಬೇಕು. ಇಷ್ಟನ್ನು ಎರಡು ಮಾತಿನಲ್ಲಿ ಹೇಳುವುದಕ್ಕೆ ದೃತಿಗಿಂತ ತಕ್ಕ ಉಪಮಾನ ದೊರೆಯುವುದು ಕಷ್ಟ.

ಇಂದಿನ ಪರೀಕ್ಷಾಕ್ರಮವೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ಅಂಗಾತ ಮಲಗಿದ ರೋಗಿಯ ಹೊಟ್ಟೆಯ ಮೇಲೆ ಎಡಗೈಯ ಬೆರಳನ್ನಿಟ್ಟು ಬಲಗೈಯ ಬೆರಳಿನಿಂದ ಅದರ ಮೇಲೆ ತಟ್ಟಿದರೆ, ಕರುಳಿನಲ್ಲಿ ಗಾಳಿಯಿರುವ ನಡುಭಾಗದಲ್ಲಿ ನಾದವೂ, ನೀರು ಇಳಿದು ನಿಂತ ಪಕ್ಕೆಗಳಲ್ಲಿ ಮಂದವಾದ ಸದ್ದೂ ಕೇಳುತ್ತದೆ. ರೋಗಿಯನ್ನು ಮಗ್ಗುಲಿಗೆ ತಿರುಗಿಸಿದರೆ ನೀರು ಕೆಳಗೆ ಸರಿದು, ಮಂದಸ್ಥಾನವೂ ಸ್ಥಳಾಂತರವಾಗುತ್ತದೆ. ಮತ್ತೊಂದು ಕ್ರಮದಲ್ಲಿ, ಹೊಟ್ಟೆಯ ನಡುರೇಖೆಯನ್ನು ಸಹಾಯಕನ ಅಂಗೈಯ ಅಂಚಿನಿಂದ ಒತ್ತಿ ಹಿಡಿಸಿ, ಒಂದು ಪಕ್ಕೆಯನ್ನು ತಟ್ಟಿದರೆ ಅಲೆಯು ಇನ್ನೊಂದು ಪಕ್ಕೆಯ ಮೇಲಿಟ್ಟ ಕೈಗೆ ಬಂದು ತಾಗುತ್ತದೆ. ಸುಶ್ರುತನ ‘ಕ್ಷೋಭೆ’ ‘ಕಂಪ’ಗಳು ಇವೇ. ಈ ಪರೀಕ್ಷೆಗೂ ಮಿತಿಯಿದೆ: ಸುಮಾರು ೧೫೦೦ ಮಿಲಿಲೀಟರ್ ನೀರು ಸೇರುವ ತನಕ ಮಂದಸ್ಥಾನದ ಚಲನೆ ಸಾಮಾನ್ಯವಾಗಿ ತಿಳಿಯದು, ಅಲ್ಟ್ರಾಸೌಂಡ್ ಯಂತ್ರವಾದರೆ ೧೦೦ ಮಿಲಿಲೀಟರ್ ನೀರನ್ನೂ ತೋರಿಸಬಲ್ಲುದು.

ಜಲೋದರದಲ್ಲಿ ನಾನಾವರ್ಣದ ಗೆರೆಗಳೂ ಸಿರೆಗಳೂ ಹೊಟ್ಟೆಯ ಮೇಲೆ ಹರಡಿಕೊಳ್ಳುವುದೆಂದು ಚರಕನ ಮಾತು. ಯಕೃತ್ತು ಗಟ್ಟಿಯಾಗಿ ಅದರ ಮೂಲಕ ರಕ್ತವು ಹರಿಯಲು ತಡೆಯುಂಟಾದಾಗ, ಆ ರಕ್ತವು ಬೇರೆ ದಾರಿ ಹಿಡಿದು ಹೊಕ್ಕುಳ ಸುತ್ತಣ ಸಿರೆಗಳನ್ನು ಉಬ್ಬಿಸುತ್ತದೆಂಬುದು ಇಂದಿನ ವಿವರಣೆ. ಪಾಶ್ಚಾತ್ಯ ವೈದ್ಯರು ಈ ಚಿಹ್ನೆಗೆ ಇಟ್ಟ ಹೆಸರೂ ಉಪಮೆಯೇ: ಗ್ರೀಕ್ ಪುರಾಣದಲ್ಲಿ ಹಾವುಗಳನ್ನೇ ಕೂದಲಾಗಿ ಉಳ್ಳ ಮೆಡೂಸಳ ತಲೆ.

ಜಲೋದರದ ಚಿಕಿತ್ಸೆಯಲ್ಲಿ ಸುಶ್ರುತನು ಹೊಕ್ಕುಳ ಕೆಳಗೆ ಎಡಭಾಗದಲ್ಲಿ ವ್ರೀಹಿಮುಖಶಸ್ತ್ರದಿಂದ ಚುಚ್ಚಿ, ನಾಳವನ್ನು ತೂರಿಸಿ ನೀರನ್ನು ತೆಗೆಯಲು ಹೇಳುತ್ತಾನೆ. ಎಲ್ಲ ನೀರನ್ನೂ ಒಂದೇ ದಿನ ತೆಗೆಯಬಾರದು, ತೆಗೆದರೆ ಬಾಯಾರಿಕೆ, ಜ್ವರ, ಶ್ವಾಸ ಮೊದಲಾದ ಉಪದ್ರವಗಳಾಗುತ್ತವೆ. ನೀರು ಇಳಿದ ಹೊಟ್ಟೆಯನ್ನು ಉಣ್ಣೆ, ರೇಷ್ಮೆ ಅಥವಾ ಚರ್ಮದಿಂದ ಬಿಗಿಯಾಗಿ ಸುತ್ತಬೇಕು ಎಂಬುದು ಅವನ ಎಚ್ಚರಿಕೆ. ಐದು ಲೀಟರಿಗಿಂತ ಹೆಚ್ಚು ನೀರನ್ನು ಒಮ್ಮೆಲೆ ತೆಗೆದರೆ ರಕ್ತಪರಿಚಲನೆ ಕುಸಿಯಬಹುದೆಂದು ಇಂದು ತಿಳಿದಿದೆ. ಅದನ್ನು ತಡೆಯಲು ಆಲ್ಬುಮಿನ್ ಎಂಬ ದ್ರವ್ಯವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕಾರಣದ ವಿವರಣೆ ಬೇರೆಯಾದರೂ ಕಂಡ ಸಂಗತಿ ಒಂದೇ.

೪. ಪೀಪಾಯಿ, ಬೆಕ್ಕು, ನೀರಿನ ಸುತ್ತಿಗೆ

ಯುರೋಪಿನಲ್ಲಿ ತಟ್ಟಿ ನೋಡುವ ಕ್ರಮವನ್ನು ಶಾಸ್ತ್ರವಾಗಿಸಿದವನು ಲಿಯೋಪೋಲ್ಡ್ ಔವೆನ್‌ಬ್ರುಗ್ಗರ್. ಆಸ್ಟ್ರಿಯ ದೇಶದ ಗ್ರಾಟ್ಸ್ ಎಂಬಲ್ಲಿ ಒಬ್ಬ ಛತ್ರದ ಯಜಮಾನನ ಮಗನಾಗಿ ೧೭೨೨ರಲ್ಲಿ ಹುಟ್ಟಿದ ಈತನು, ಮದ್ಯದ ಪೀಪಾಯಿ ಎಲ್ಲಿಯವರೆಗೆ ತುಂಬಿದೆಯೆಂಬುದನ್ನು ತಟ್ಟಿ ತಿಳಿಯುತ್ತಿದ್ದುದನ್ನು ಕಂಡು ಈ ಕ್ರಮವನ್ನು ಯೋಚಿಸಿದನೆಂದು ಪ್ರತೀತಿ. ೧೭೬೧ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಅವನ ಲ್ಯಾಟಿನ್ ಗ್ರಂಥವನ್ನು ಸಮಕಾಲೀನರು ಹೆಚ್ಚಾಗಿ ಮನ್ನಿಸಲಿಲ್ಲ. ೧೮೦೮ರಲ್ಲಿ ಕೊರ್ವಿಸಾರನು ಫ್ರೆಂಚ್ ಭಾಷೆಗೆ ತಿರುಗಿಸಿದ ಮೇಲೆ ಅದಕ್ಕೆ ಪ್ರಚಾರ ಬಂತು. ಆರೋಗ್ಯವಂತನ ಎದೆಯ ಸದ್ದು ದಪ್ಪ ಬಟ್ಟೆ ಹೊದಿಸಿದ ಡೋಲಿನಂತಿರುವುದೆಂದೂ, ಒಳಗೆ ಘನವೋ ದ್ರವವೋ ತುಂಬಿದಾಗ ತೊಡೆಯ ಮಾಂಸವನ್ನು ತಟ್ಟಿದಂತಾಗುವುದೆಂದೂ ಅವನು ಹೇಳಿದನು. ಅಲ್ಲಿಯೂ ಕಲಿಸುವ ಸಾಧನ ಉಪಮಾನವೇ.

ಪ್ಯಾರಿಸಿನ ಲಾಯೆನ್ನೆಕನು ೧೮೧೬ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿ, ೧೮೧೯ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಹೃದಯದ ಕವಾಟ ಕಿರಿದಾದಾಗ ಎದೆಯ ಮೇಲಿಟ್ಟ ಕೈಗೆ ಬರುವ ಸೂಕ್ಷ್ಮ ಕಂಪವನ್ನು ಅವನು ಹೋಲಿಸಿದುದು, ಮುದ್ದಿಸಿದ ಬೆಕ್ಕು ಗುರುಗುಟ್ಟುವಾಗ ಅದರ ಮೈಮೇಲಿಟ್ಟ ಕೈಗೆ ತೋರುವ ಕಂಪಕ್ಕೆ. ಡಬ್ಲಿನ್ನಿನ ಕೊರಿಗನ್ನನು ೧೮೩೨ರಲ್ಲಿ, ಮಹಾಧಮನಿಯ ಕವಾಟ ಸೋರುವವರಲ್ಲಿ ನಾಡಿಯು ರಭಸದಿಂದ ಮೇಲೆದ್ದು ಥಟ್ಟನೆ ಕುಸಿಯುವುದನ್ನು ವರ್ಣಿಸಿದನು. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಸ್ವಲ್ಪ ನೀರಿಟ್ಟು ಮಾಡಿದ ಆಟಿಕೆಯೊಂದು ಆ ಕಾಲದಲ್ಲಿ ಪರಿಚಿತವಾಗಿತ್ತು. ತಿರುಗಿಸಿದಾಗ ನೀರು ತಳಕ್ಕೆ ಸುತ್ತಿಗೆಯಂತೆ ಬಡಿಯುತ್ತಿತ್ತು. ಆ ನಾಡಿಗೆ ‘ನೀರಿನ ಸುತ್ತಿಗೆಯ ನಾಡಿ’ ಎಂಬ ಹೆಸರು ಬಂದುದು ಹೀಗೆ. ಇದೇ ರೋಗದಲ್ಲಿ ಪ್ರತಿ ನಾಡಿಗೂ ತಲೆಯು ಮೆಲ್ಲಗೆ ತೂಗುವ ಚಿಹ್ನೆಯೊಂದಿದೆ. ಅದಕ್ಕೆ ೧೮೫೭ರಲ್ಲಿ ಗತಿಸಿದ ಫ್ರೆಂಚ್ ಕವಿ ಆಲ್ಫ್ರೆಡ್ ದ ಮ್ಯುಸೆಯ ಹೆಸರು ನಿಂತಿದೆ, ಆ ಕವಿಯ ತಲೆ ಹಾಗೆ ತೂಗುತ್ತಿದ್ದುದರಿಂದ.

ಹೃದಯವು ಸೋತಾಗ ಕಾಲಿನಲ್ಲಿ ಬಾವು ತೋರುವುದು ಪ್ರಸಿದ್ಧ. ಬೆರಳಿನಿಂದ ಒತ್ತಿ ಬಿಟ್ಟಾಗ ಗುಳಿಯು ಹಾಗೆಯೇ ನಿಲ್ಲುವುದೋ ಕೂಡಲೆ ಮೇಲೇಳುವುದೋ ಎಂಬುದನ್ನು ನೋಡುವ ಪರೀಕ್ಷೆ ಇಂದಿಗೂ ನಡೆಯುತ್ತದೆ. ಚರಕನು ಶೋಥಗಳನ್ನು ವಿಂಗಡಿಸುವಾಗ ಒತ್ತಿದಾಗ ಮೇಲೇಳುವುದು ವಾತಜ, ಮೇಲೇಳದೆ ಉಳಿಯುವುದು ಕಫಜ ಎನ್ನುತ್ತಾನೆ. ದೋಷಗಳ ಕಲ್ಪನೆಯನ್ನು ಇಂದಿನ ಶರೀರಶಾಸ್ತ್ರವು ಅಂಗೀಕರಿಸದಿದ್ದರೂ ಬೆರಳು ಕಂಡ ಭೇದವು ಭೇದವೇ ಸರಿ. ಚಿಹ್ನೆಯ ಸತ್ಯತೆ ಒಂದು, ಕಾರಣದ ಸತ್ಯತೆ ಮತ್ತೊಂದು. ಪ್ರಾಚೀನ ಗ್ರಂಥಗಳ ವಿಷಯದಲ್ಲಿ ಇವೆರಡನ್ನೂ ಒಂದೇ ಎಂದು ಹಿಡಿದು ಸಮಗ್ರವಾಗಿ ಹೊಗಳುವುದೂ ಸಮಗ್ರವಾಗಿ ತೆಗಳುವುದೂ ಸಮಾನದೋಷಗಳು.

೫. ಆಮೆ ಮತ್ತು ಪೊದೆ

ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಅರಬೈಲು ಘಟ್ಟವನ್ನು ಏರುವ ಮೊದಲು, ಗಂಗಾವಳಿ ಹೊಳೆಯ ಕಣಿವೆಯಲ್ಲಿ ಸುಂಕಸಾಳವೆಂಬ ಗ್ರಾಮವಿದೆ. ಸುತ್ತಲೂ ಕಾಡು, ಅಡಕೆ ತೋಟ, ಬೆಟ್ಟದಿಂದಿಳಿಯುವ ಹಳ್ಳಗಳು. ಇಂಥ ನಿರ್ಮಲವಾದ ಹರಿಯುವ ನೀರಿನಲ್ಲಿಯೇ ‘ಅನಾಫಿಲಿಸ್ ಫ್ಲೂವಿಯಾಟಿಲಿಸ್’ ಎಂಬ ಸೊಳ್ಳೆ ಬೆಳೆಯುತ್ತದೆ. ಘಟ್ಟದ ತಪ್ಪಲಿನ ಊರುಗಳನ್ನು ಬಹುಕಾಲ ಪೀಡಿಸಿದ ಚಳಿಜ್ವರವನ್ನು ಹರಡಿದುದು ಮುಖ್ಯವಾಗಿ ಈ ಜಾತಿ. ಮಲೇರಿಯ ಮರಳಿಮರಳಿ ಬಂದವರಲ್ಲಿ ಎಡಪಕ್ಕೆಯ ಕೆಳಗೆ ಪ್ಲೀಹವು ಊದಿಕೊಂಡು ಗಟ್ಟಿಯಾಗುತ್ತದೆ. ಕನ್ನಡದಲ್ಲಿ ಇದಕ್ಕೆ ‘ಜ್ವರಗಡ್ಡೆ’ ಎಂಬ ಹೆಸರುಂಟು.

ಚರಕನ ಪ್ಲೀಹೋದರವು ಮೊದಲು ದುಂಡುಕಲ್ಲಿನಂತೆ ಗಟ್ಟಿಯಾಗಿದ್ದು, ಬೆಳೆಯುತ್ತ ಆಮೆಯ ಆಕಾರದಲ್ಲಿ ಕೈಗೆ ಸಿಕ್ಕುತ್ತದೆ. ಇಂದಿನ ವೈದ್ಯನು ರೋಗಿಯ ಬಲಗಡೆ ನಿಂತು, ಹೊಟ್ಟೆಯ ಬಲಗೆಳಭಾಗದಿಂದ ಎಡಪಕ್ಕೆಯತ್ತ ಕೈಯನ್ನು ಮೆಲ್ಲಗೆ ಸರಿಸುತ್ತ, ಪ್ರತಿಬಾರಿಯೂ ರೋಗಿಗೆ ದೀರ್ಘವಾಗಿ ಉಸಿರೆಳೆದುಕೊಳ್ಳಲು ಹೇಳುತ್ತಾನೆ. ಉಸಿರಿನೊಡನೆ ಪ್ಲೀಹವು ಕೆಳಗಿಳಿದು ಅದರ ಅಂಚು ಬೆರಳಿಗೆ ತಾಗುತ್ತದೆ. ಒಂದೂವರೆ ಎರಡು ಪಟ್ಟು ಬೆಳೆದ ಹೊರತು ಅದು ಸಾಮಾನ್ಯವಾಗಿ ಕೈಗೆ ತಿಳಿಯದು. ಗಡುಸಾದ ಬೆನ್ನು, ತೆಳುವಾದ ಅಂಚು, ಚಿಪ್ಪಿನೊಳಗಿನಿಂದ ತಲೆ ಹೊರಚಾಚಿದಂತೆ ಪಕ್ಕೆಲುಬಿನ ಕೆಳಗಿನಿಂದ ಇಣುಕುವಿಕೆ: ಆಮೆಯೆಂಬ ಉಪಮಾನದಲ್ಲಿ ಇವೆಲ್ಲ ಅಡಗಿವೆ.

ಈ ಒಂದು ಚಿಹ್ನೆಯು ವ್ಯಕ್ತಿಯ ರೋಗವನ್ನಲ್ಲದೆ ಊರಿನ ರೋಗವನ್ನೂ ಅಳೆಯುವ ಮಾನವಾಯಿತು. ೧೮೪೮ರಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯನು ಉತ್ತರಭಾರತದ ಯಮುನಾ ಕಾಲುವೆಯ ಪ್ರದೇಶದಲ್ಲಿ ಜನರ ಹೊಟ್ಟೆಯನ್ನು ಮುಟ್ಟಿ ನೋಡಿ, ಪ್ಲೀಹ ಬೆಳೆದವರೆಷ್ಟು ಮಂದಿ ಎಂದು ಎಣಿಸಿದನು. ರೋಗಾಣುವನ್ನು ಲಾವೆರಾನನು ಕಂಡುಹಿಡಿದುದು ೧೮೮೦ರಲ್ಲಿ, ಸೊಳ್ಳೆಯ ಪಾತ್ರವನ್ನು ರಾಸನು ಸಿಕಂದರಾಬಾದಿನಲ್ಲಿ ಕಂಡುದು ೧೮೯೭ರಲ್ಲಿ. ಎಂದರೆ ಕಾರಣವು ತಿಳಿಯುವುದಕ್ಕೆ ಎಷ್ಟೋ ಮೊದಲೇ ಕೈಯು ರೋಗವನ್ನು ಎಣಿಸಿತ್ತು. ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಪ್ಲೀಹ ಸಿಕ್ಕುವುದೆಂಬ ಲೆಕ್ಕದಿಂದ ಊರುಗಳನ್ನು ವರ್ಗೀಕರಿಸುವ ಪದ್ಧತಿ ಮುಂದೆ ರೂಢವಾಯಿತು: ಹತ್ತಕ್ಕಿಂತ ಕಡಿಮೆಯಾದರೆ ರೋಗವು ಅಲ್ಪ, ಐವತ್ತನ್ನು ಸದಾ ಮೀರಿದರೆ ಅತಿಶಯ.

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಯಲ್ಲಿಯೂ ಧಾರವಾಡ ಜಿಲ್ಲೆಯಲ್ಲಿಯೂ ೧೯೪೬ರ ಸುಮಾರಿಗೆ ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವು ನಡೆಯಿತು. ಭಾರತದ ಗ್ರಾಮಗಳಲ್ಲಿ ಮಲೇರಿಯವನ್ನು ಅಡಗಿಸುವ ದೊಡ್ಡ ಪ್ರಯತ್ನಗಳಲ್ಲಿ ಇದು ಮೊದಲಿನವುಗಳ ಪಂಕ್ತಿಗೆ ಸೇರಿದುದು. ದೇಶವ್ಯಾಪಿಯಾದ ಯೋಜನೆ ಆರಂಭವಾದುದು ೧೯೫೩ರಲ್ಲಿ. ಇಂಥ ಕಾರ್ಯಗಳ ಫಲವನ್ನು ನಿರ್ಣಯಿಸಲು ರಕ್ತಪರೀಕ್ಷೆಯೊಡನೆ ಆಧಾರವಾಗಿದ್ದುದು ಮಕ್ಕಳ ಎಡಪಕ್ಕೆಯ ಕೆಳಗೆ ಇಟ್ಟ ಕೈಯೇ. ಚರಕನ ಆಮೆಯು ಮಕ್ಕಳ ಹೊಟ್ಟೆಯಿಂದ ಮರೆಯಾದಂತೆಲ್ಲ ಆ ಊರು ಜ್ವರದಿಂದ ಬಿಡುಗಡೆ ಹೊಂದುತ್ತಿದೆಯೆಂದು ತಿಳಿಯಬಹುದಾಗಿತ್ತು.

ಈ ಸಂದರ್ಭದಲ್ಲಿ ಪದವೊಂದರ ವಿಚಾರ ಅವಶ್ಯಕ. ಇಂದಿನ ಕನ್ನಡ ಪಾಠ್ಯಪುಸ್ತಕಗಳಲ್ಲಿ ‘ಗುಲ್ಮ’ವೆಂದರೆ ಪ್ಲೀಹವೆಂಬ ಅವಯವವೆಂದು ಬಳಕೆಯಿದೆ. ಪ್ರಾಚೀನ ಶಾಸ್ತ್ರದಲ್ಲಿ ಗುಲ್ಮವು ಅವಯವವಲ್ಲ, ರೋಗ. ಹೃದಯಕ್ಕೂ ಬಸ್ತಿಗೂ ನಡುವೆ ಎಲ್ಲಿಯಾದರೂ ತೋರಬಹುದಾದ, ಚಲಿಸುವ ಅಥವಾ ನಿಂತ, ಹೆಚ್ಚುವ ಕುಗ್ಗುವ ದುಂಡನೆಯ ಗಂಟು ಅದು. ಗುಲ್ಮ ಶಬ್ದಕ್ಕೆ ಪೊದೆಯೆಂದು ಅರ್ಥ. ಬುಡವು ಕಾಣದ ಪೊದೆಯಂತೆ ಗೂಢಮೂಲವಾಗಿರುವುದರಿಂದ ಆ ಹೆಸರೆಂದು ಸುಶ್ರುತನ ನಿರ್ವಚನ. ಆದುದರಿಂದ ಹಳೆಯ ಗ್ರಂಥದಲ್ಲಿ ಗುಲ್ಮಕ್ಕೆ ಹೇಳಿದ ಔಷಧವನ್ನು ಪ್ಲೀಹದ ಔಷಧವೆಂದು ವಿವರಿಸುವುದು ಪ್ರಮಾದವಾಗುತ್ತದೆ. ಆಮೆಯು ಒಂದು, ಪೊದೆಯು ಬೇರೆ. ಉಪಮಾನಗಳನ್ನು ಗಮನಿಸಿದವನಿಗೆ ಈ ಭ್ರಮೆ ಹುಟ್ಟುವುದೇ ಇಲ್ಲ.

೬. ನಾಡಿಯ ನಡೆಗಳು

ಹಾಗಾದರೆ ಎಲ್ಲ ಉಪಮಾನಗಳೂ ಸಮಾನವಾಗಿ ಪ್ರಮಾಣವೇ? ನಾಡೀಪರೀಕ್ಷೆಯು ಚರಕಸುಶ್ರುತರಲ್ಲಿ ಇಲ್ಲ. ಶಾರ್ಙ್ಗಧರಸಂಹಿತೆಯಿಂದ ಈಚೆಗೆ ಅದು ಪ್ರಚುರವಾಯಿತು. ವಾತನಾಡಿಗೆ ಹಾವು ಜಿಗಣೆಗಳ ನಡೆ, ಪಿತ್ತನಾಡಿಗೆ ಕಾಗೆ ಕಪ್ಪೆಗಳ ನಡೆ, ಕಫನಾಡಿಗೆ ಹಂಸ ಪಾರಿವಾಳಗಳ ನಡೆ ಅಲ್ಲಿ ಹೇಳಿದೆ. ಇಬ್ನ್ ಸೀನಾನ ‘ಕಾನೂನ್’ ಗ್ರಂಥದಲ್ಲಿಯೂ ಜಿಂಕೆ, ಇರುವೆ, ಹುಳು, ಇಲಿಯ ಬಾಲ ಇವುಗಳಿಗೆ ನಾಡಿಯನ್ನು ಹೋಲಿಸಿದೆ. ಇವು ರಮ್ಯವಾಗಿವೆ, ಆದರೆ ಇಬ್ಬರು ವೈದ್ಯರು ಪ್ರತ್ಯೇಕವಾಗಿ ಒಬ್ಬನ ಕೈಯನ್ನೇ ಹಿಡಿದಾಗ ಇಬ್ಬರಿಗೂ ಹಂಸವೇ ತೋರುವುದೆಂಬ ನಿಶ್ಚಯವಿಲ್ಲ. ನೀರು ತುಂಬಿದ ದೃತಿಯ ವಿಷಯದಲ್ಲಿಯಾದರೋ ಇಬ್ಬರ ಕೈಗಳೂ ಬಹುಮಟ್ಟಿಗೆ ಒಂದನ್ನೇ ಹೇಳುತ್ತವೆ, ಸಂಶಯವಾದರೆ ಚುಚ್ಚಿ ನೋಡಿ ನಿರ್ಣಯಿಸಬಹುದು. ಉಪಮೇಯವನ್ನು ಬೇರೊಂದು ಪ್ರಮಾಣದಿಂದ ಪರೀಕ್ಷಿಸಲು ಅವಕಾಶವಿದ್ದಲ್ಲಿ ಉಪಮಾನವು ಬಲಗೊಳ್ಳುತ್ತದೆ; ಅವಕಾಶವಿಲ್ಲದಲ್ಲಿ ಅದು ಮೆಲ್ಲಮೆಲ್ಲನೆ ಅಲಂಕಾರವಾಗಿ ಇಳಿಯುತ್ತದೆ. ನಾಡಿಯಿಂದ ವೇಗ, ಕ್ರಮ, ತುಂಬಿಕೆ ಇವು ನಿಸ್ಸಂಶಯವಾಗಿ ತಿಳಿಯುತ್ತವೆ. ಅದರಾಚೆ ಹೇಳುವುದೆಲ್ಲ ಸಾಕ್ಷ್ಯವನ್ನು ಅಪೇಕ್ಷಿಸುತ್ತದೆ.

೭. ಉಪಮಾನದ ಪ್ರಸಿದ್ಧಿ

ಉಪಮಾನವು ಪ್ರಸಿದ್ಧವಾಗಿರಬೇಕೆಂಬ ನೈಯಾಯಿಕರ ನಿಯಮದಲ್ಲಿ ಮತ್ತೊಂದು ಅರ್ಥವೂ ಇದೆ. ನೀರು ಹೊರುವ ತೊಗಲ ಚೀಲವನ್ನು ಇಂದಿನ ವಿದ್ಯಾರ್ಥಿ ಕಂಡಿಲ್ಲ. ಗಾಜಿನ ನೀರಿನ ಸುತ್ತಿಗೆಯನ್ನು ಅದರ ಹೆಸರು ಹೇಳುವ ವೈದ್ಯರಲ್ಲಿಯೂ ಕಂಡವರು ವಿರಳ. ಪ್ರಸಿದ್ಧಿ ಕಳೆದ ಉಪಮಾನವು ಬರಿಯ ಶಬ್ದವಾಗಿ ಉಳಿಯುತ್ತದೆ, ಅದರೊಡನೆ ಅದು ಕಲಿಸುತ್ತಿದ್ದ ಸ್ಪರ್ಶವೂ ಮರೆತುಹೋಗುತ್ತದೆ. ಇದನ್ನು ಮತ್ತೆ ಬೆಳಕಿಗೆ ತರುವುದು ಅರ್ಥ ಹೇಳುವವನ ಹೊಣೆ. ದೃತಿ ಎಂದರೆ ಚರ್ಮದ ಚೀಲವೆಂದು ಕೋಶದ ಅರ್ಥವನ್ನು ಒಪ್ಪಿಸಿದರೆ ಸಾಲದು. ಹಲಸಿನ ಹಣ್ಣನ್ನು ತಟ್ಟಿ ಪಕ್ವವನ್ನು ತಿಳಿಯುವುದನ್ನೂ, ತೆಂಗಿನಕಾಯನ್ನು ಕಿವಿಯ ಬಳಿ ಕುಲುಕಿ ನೀರಿನ ಸದ್ದನ್ನು ಕೇಳುವುದನ್ನೂ, ಯಕ್ಷಗಾನದ ಮದ್ದಳೆಯ ನಡುವಿನಲ್ಲಿ ಒಂದು ನಾದ ಅಂಚಿನಲ್ಲಿ ಒಂದು ನಾದ ಹೊರಡುವುದನ್ನೂ ಸುಂಕಸಾಳದಂಥ ಊರಿನ ಬಾಲಕನು ಬಲ್ಲನು. ಅವನಿಗೆ ಇವುಗಳಿಂದ ಆರಂಭಿಸಿ ದೃತಿಯನ್ನು ತಿಳಿಸಬಹುದು. ಮುಚ್ಚಿದ ವಸ್ತುವಿನ ಒಳಗನ್ನು ಹೊರಗಿನಿಂದ ಅರಿಯುವ ವಿದ್ಯೆಯನ್ನು ಅವನು ಆಗಲೇ ಅರ್ಧ ಕಲಿತಿದ್ದಾನೆ. ಶಾಸ್ತ್ರದ ಉಪಮಾನವು ಉಳಿದರ್ಧವನ್ನು ತುಂಬುತ್ತದೆ.